ಪೋಷಕ ನಾನೇ

ಫ್ರೇಮಣ್ಣನ ಅಂಗಡಿಯ ಗೋಡೆಯ ಮೇಲೆ ಒಂದು ಖಾಲಿ ಚೌಕಟ್ಟು ತೂಗಾಡುತ್ತಿತ್ತು. ಅವನು ಕೈಯಾರೆ ಮಾಡಿದ ಚೌಕಟ್ಟುಗಳಲ್ಲೆಲ್ಲ ಅದೇ ಸುಂದರಿ. ಅಂಚಿಗೆ ಬಂಗಾರದ ಬಣ್ಣ, ಮೂಲೆಗಳು ಕೂದಲೂ ತೂರದಷ್ಟು ಬಿಗಿ, ಗಾಜು ಇದೆಯೋ ಇಲ್ಲವೋ ಎಂದು ಮುಟ್ಟಿಯೇ ನೋಡಬೇಕು. ಒಳಗೆ ಮಾತ್ರ ದಪ್ಪನೆಯದೊಂದು ಬಿಳಿ ಹಾಳೆ. ಅದು ಯಾರದು ಎಂದು ಗಿರಾಕಿಗಳು ಕೇಳಿದರೆ ಫ್ರೇಮಣ್ಣ ನನ್ನದು ಎನ್ನುತ್ತಿದ್ದ. ಅದರೊಳಗೆ ಏನು ಹಾಕುತ್ತೀಯ ಎಂದು ಕೇಳಿದರೆ ಗಾಜು ಕೊಯ್ಯಲು ಶುರುಮಾಡುತ್ತಿದ್ದ.

ಏಕೆಂದರೆ ಹಾಕಲು ಏನೂ ಇರಲಿಲ್ಲ. ಮೂವತ್ತು ವರ್ಷಗಳಿಂದ ಆ ಬಡಾವಣೆಯ ಪ್ರಶಸ್ತಿಪತ್ರಗಳಿಗೆಲ್ಲ ಕಟ್ಟು ಹಾಕಿದವನು ಅವನೇ. ಓಡಿದವರದ್ದು, ಈಜಿದವರದ್ದು, ನಲವತ್ತು ವರ್ಷ ಒಂದೇ ಕುರ್ಚಿಯಲ್ಲಿ ಕೂತು ನಿವೃತ್ತರಾದವರದ್ದು. ಎದುರುಮನೆಯ ನಾಯಿಗೆ ಪ್ರದರ್ಶನದಲ್ಲಿ ಮೂರನೇ ಸ್ಥಾನ ಬಂದಾಗ ಅದರ ಪತ್ರಕ್ಕೂ ಕಟ್ಟು ಹಾಕಿದ್ದು ಅವನೇ. ಅಂದಿನಿಂದ ಆ ನಾಯಿ ಎದುರು ಬಂದರೆ ಫ್ರೇಮಣ್ಣ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ.

ಮನೆಯಲ್ಲಿ ಅವನ ಜೊತೆ ಹೆಂಡತಿ ಮತ್ತು ಎಂಬತ್ತೊಂದು ವರ್ಷದ ಅಪ್ಪ ಇದ್ದರು. ಮನೆ ಅಪ್ಪನದು. ಅವರು ಬಸ್ ಕಂಡಕ್ಟರ್ ಆಗಿ ನಿವೃತ್ತರಾಗಿ ಇಪ್ಪತ್ತಮೂರು ವರ್ಷವಾಗಿದ್ದರೂ ಜೇಬಿನಲ್ಲಿ ಸೀಟಿ ಇಲ್ಲದೆ ಹೊಸ್ತಿಲು ದಾಟುತ್ತಿರಲಿಲ್ಲ. ಒಂದು ಸೀಟಿ ಎಂದರೆ ನಿಲ್ಲು, ಎರಡು ಸೀಟಿ ಎಂದರೆ ಹೊರಡು. ಬೆಳಿಗ್ಗೆ ಎರಡು ಸೀಟಿ ಊದಿ ಮಗನನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದರು. ಹೆಂಡತಿ ಬೆಳಗಿನ ಪಾಳಿಗೆಂದು ಆಸ್ಪತ್ರೆಗೆ ಹೋಗಿರುತ್ತಿದ್ದಳಾದ್ದರಿಂದ ಅಡುಗೆ ಮಾಡಿ, ಡಬ್ಬಿ ಕಟ್ಟಿ, ಸರಿಯಾಗಿ ಹನ್ನೆರಡೂವರೆಗೆ ಅಂಗಡಿಗೆ ತಂದುಕೊಡುತ್ತಿದ್ದವರೂ ಅವರೇ. ಡಬ್ಬಿ ಕೊಡುವಾಗ ಪ್ರತಿದಿನ ಒಂದೇ ಪ್ರಶ್ನೆ ಕೇಳುತ್ತಿದ್ದರು, ನಿವೃತ್ತಿಯ ದಿನ ತಮಗೆ ಸಿಕ್ಕ, ಅಂದೇ ಮಗನ ಕೈಗೆ ಕೊಟ್ಟ ಕಾಗದಕ್ಕೆ ಕಟ್ಟು ಯಾವಾಗ ಹಾಕುತ್ತೀಯ ಎಂದು. ಫ್ರೇಮಣ್ಣ ಪ್ರತಿದಿನ ಒಂದೇ ಉತ್ತರ ಕೊಡುತ್ತಿದ್ದ, ನಾಳೆ ಎಂದು. ಇಪ್ಪತ್ತಮೂರು ವರ್ಷಗಳಿಂದ ಆ ನಾಳೆ ಬರುತ್ತಲೇ ಇತ್ತು. ಇಬ್ಬರಿಗೂ ಅದು ಅಭ್ಯಾಸವಾಗಿಬಿಟ್ಟಿತ್ತು.

ಹೀಗಿರುವಾಗ ಒಂದು ದಿನ ಪಕ್ಕದ ಔಷಧಿ ಅಂಗಡಿಯವನು ಎದೆಯುಬ್ಬಿಸಿಕೊಂಡು ಬಂದು ಮೇಜಿನ ಮೇಲೆ ಒಂದು ಪತ್ರ ಬಿಡಿಸಿಟ್ಟ. ಅದರ ಮೇಲೆ ದೊಡ್ಡ ಅಕ್ಷರದಲ್ಲಿ ‘ಆದರ್ಶ ಪುತ್ರ’ ಎಂದಿತ್ತು. ಯಾವುದೋ ಸಂಘದವರ ಸಭೆಗೆ ಇವನು ಕುರ್ಚಿ, ಶಾಮಿಯಾನ ಕೊಡಿಸಿದ್ದ, ಅವರು ಇವನಿಗೆ ಇದನ್ನು ಕೊಟ್ಟಿದ್ದರು. ಆ ಸಂಗತಿ ಹೇಳಿಕೊಳ್ಳುವಂಥದ್ದಲ್ಲವಾದ್ದರಿಂದ, ಎಲ್ಲಿ ಕೊಡುತ್ತಾರೆ ಎಂದು ಫ್ರೇಮಣ್ಣ ಕೇಳಿದಾಗ ಅವನು ಚಾವಣಿ ನೋಡಿದ.

"ಹೆತ್ತವರನ್ನ ಸಾಕೋದು ಈಗ ಕಾನೂನಪ್ಪಾ," ಎಂದ. "ಹಿರಿಯ ನಾಗರಿಕರ ಕಚೇರಿ ಇದೆಯಲ್ಲ, ಅಲ್ಲಿ ಹೋಗಿ ಪೋಷಣೆ ಅಂತ ಕೇಳು. ಎಲ್ಲಾ ಅವರೇ ಮಾಡಿಕೊಡ್ತಾರೆ."

ಫ್ರೇಮಣ್ಣನ ಕಿವಿ ನೆಟ್ಟಗಾಯಿತು. ಈ ಔಷಧಿಯವನ ತಾಯಿ ಇರುವುದು ಅವನ ತಮ್ಮನ ಮನೆಯಲ್ಲಿ. ಅವನೇ ಆದರ್ಶ ಪುತ್ರನಾದರೆ, ಅಪ್ಪನ ಜೊತೆ ಒಂದೇ ಸೂರಿನಡಿ ಐವತ್ತನಾಲ್ಕು ವರ್ಷ ಕಳೆದ ತಾನು ಏನಾಗಬೇಕು? ಕೈಯಲ್ಲಿದ್ದ ಉಪ್ಪುಕಾಗದವನ್ನು ಅಲ್ಲೇ ಎಸೆದು, ಕನ್ನಡಕವನ್ನೂ ಮೇಜಿನ ಮೇಲೆ ಮರೆತು, ನಿಂತ ಕಾಲಲ್ಲೇ ಕಚೇರಿಗೆ ಹೊರಟ. ಮರದ ಪಟ್ಟಿಗಳಿಗೆ ಬಣ್ಣಕ್ಕೆ ಮೊದಲು ಬಳಿದ ಸುಣ್ಣವನ್ನು ಬೆಳಗಿನಿಂದ ಉಜ್ಜಿದ್ದರಿಂದ ತಲೆ, ಹುಬ್ಬು, ಮೀಸೆ ಎಲ್ಲವೂ ಬೆಳ್ಳಗಾಗಿದ್ದು ಅವನ ಗಮನಕ್ಕೆ ಬರಲಿಲ್ಲ.

ಕಚೇರಿಯ ಮೂರನೇ ಕಿಟಕಿಯಲ್ಲಿ ಗುಮಾಸ್ತನೊಬ್ಬ ತಲೆಬಗ್ಗಿಸಿ ಬರೆಯುತ್ತಿದ್ದ. ಪೋಷಣೆಯ ಅರ್ಜಿ ಎಂದೊಡನೆ, ಪೋಷಕರು ಯಾರು ಎಂದು ಕೇಳಿದ.

ಇಲ್ಲಿ ಕಥೆಗಾರ ಒಂದು ಕ್ಷಣ ನಿಲ್ಲಬೇಕಾಗಿದೆ. ಕಚೇರಿಯ ಭಾಷೆಯಲ್ಲಿ ಪೋಷಕರು ಎಂದರೆ ತಂದೆ ತಾಯಿ. ಫ್ರೇಮಣ್ಣ ಅಷ್ಟು ದೂರ ಹೋಗಲಿಲ್ಲ. ಪೋಷಿಸುವವನು ಪೋಷಕ, ಅಪ್ಪನನ್ನು ಪೋಷಿಸುತ್ತಿರುವವನು ತಾನು, ಆದ್ದರಿಂದ ಪೋಷಕ ತಾನು. ವ್ಯಾಕರಣದ ಪ್ರಕಾರ ಇದರಲ್ಲಿ ಕೂದಲೆಳೆಯಷ್ಟೂ ತಪ್ಪಿಲ್ಲ. ಮುಂದಿನ ಅನಾಹುತಕ್ಕೆಲ್ಲ ವ್ಯಾಕರಣವೇ ಹೊಣೆ.

"ಪೋಷಕ ನಾನೇ," ಎಂದ ಫ್ರೇಮಣ್ಣ, ಎದೆ ಮುಟ್ಟಿಕೊಂಡು.

ಗುಮಾಸ್ತ ತಲೆಯೆತ್ತಿದ. ಬೆಳ್ಳನೆಯ ತಲೆ, ಬೆಳ್ಳನೆಯ ಹುಬ್ಬು, ಕನ್ನಡಕವಿಲ್ಲದೆ ಕಿರಿದಾದ ಕಣ್ಣು, ಮೇಜಿಗೆ ಬಗ್ಗಿ ಬಗ್ಗಿ ಗೂನಾದ ಬೆನ್ನು. ಗುಮಾಸ್ತ ಕುರ್ಚಿ ಹಾಕಿ ಕೂರಿಸಿ, ನೀರು ಕೊಟ್ಟು, ಅರ್ಜಿಯನ್ನು ತಾನೇ ಬರೆಯಲು ಕೂತ.

"ಅರವತ್ತು ತುಂಬಿರಬೇಕು ತಾತ. ತುಂಬಿದೆಯಾ?"

ತಾತ ಎಂದಿದ್ದು ಅಪ್ಪನನ್ನು ಕುರಿತು ಎಂದುಕೊಂಡ ಫ್ರೇಮಣ್ಣ. "ತುಂಬಿ ಎಷ್ಟು ಕಾಲ ಆಯ್ತು. ಈಗ ಎಂಬತ್ತೊಂದು."

"ಎಂಬತ್ತೊಂದಾ? ನೋಡಿದ್ರೆ ಎಪ್ಪತ್ತೂ ಅನ್ಸಲ್ಲ."

"ಅಷ್ಟು ಚೆನ್ನಾಗಿ ನೋಡ್ಕೊಂಡಿದ್ದೀವಿ," ಎಂದು ಫ್ರೇಮಣ್ಣ ಬೀಗಿದ.

ಮುಂದಿನ ಖಾನೆ ಎದುರುದಾರರದ್ದು. ಎದುರುದಾರ ಎಂದರೆ ಯಾರ ಮೇಲೆ ದೂರೋ ಅವನು ಎಂಬುದು ಕೋರ್ಟು ಕಚೇರಿ ಕಂಡವರಿಗೆ ಗೊತ್ತು. ಫ್ರೇಮಣ್ಣ ಬಾಯಿ ಬಿಟ್ಟದ್ದನ್ನು ನೋಡಿ ಗುಮಾಸ್ತ ಬಿಡಿಸಿ ಕೇಳಿದ, ಮನೆಯಲ್ಲಿ ನಿಮ್ಮ ಎದುರು ಇರುವವರು ಯಾರು ಎಂದು. ಊಟದ ಮೇಜಿನಲ್ಲಿ ತನ್ನ ಎದುರು ಕೂರುವವರು ಅಪ್ಪ. ಫ್ರೇಮಣ್ಣ ಅಪ್ಪನ ಹೆಸರು ಹೇಳಿದ. ನಿಮ್ಮಿಬ್ಬರ ಸಂಬಂಧವೇನು ಎಂದರೆ, ಅಪ್ಪ ಮಗ ಎಂದ. ಇನ್ನೊಬ್ಬರ ವಯಸ್ಸು ಎಷ್ಟು ಎಂದರೆ, ಐವತ್ತನಾಲ್ಕು ಎಂದ. ಎದುರಿನವರಿಗೆ ಆದಾಯ ಇದೆಯೇ ಎಂದರೆ, ತಿಂಗಳು ತಿಂಗಳು ಪಿಂಚಣಿ ಬರುತ್ತದೆ ಎಂದ. ಐವತ್ತನಾಲ್ಕಕ್ಕೇ ಪಿಂಚಣಿ ಎಣಿಸುತ್ತಾ ಮುದಿ ತಂದೆಯನ್ನು ಬೀದಿಗೆ ಬಿಟ್ಟ ಆ ಪಾಪಿಯನ್ನು ನೆನೆದು ಗುಮಾಸ್ತ ಹಲ್ಲು ಕಡಿದ.

ಕೊನೆಯಲ್ಲಿ ಚೌಕಗಳು. ಊಟ, ಬಟ್ಟೆ, ಔಷಧಿ. ಯಾವುದಕ್ಕೆ ಗುರುತು ಹಾಕಲಿ ಎಂದು ಕೇಳಿದಾಗ ಫ್ರೇಮಣ್ಣ, ಯಾವುದಕ್ಕೂ ಕಡಿಮೆ ಮಾಡುವವರಲ್ಲ ನಾವು, ಎಲ್ಲಕ್ಕೂ ಹಾಕಿ ಎಂದ. ನಾಲ್ಕನೇ ಚೌಕದ ಮೇಲೆ ಗುಮಾಸ್ತನ ಕೈ ತಡೆಯಿತು.

"ಮನೆ ತೆರವು? ಇದೂ ಬೇಕಾ?"

"ನಮ್ಮ ಮನೆ ಯಾವಾಗ್ಲೂ ತೆರೆದೇ ಇರುತ್ತೆ. ಹಾಕಿ ಹಾಕಿ."

ಒಳ್ಳೆಯ ಗಟ್ಟಿಗ ಮುದುಕ, ಮಗನನ್ನು ಮನೆಯಿಂದಲೇ ಎಬ್ಬಿಸಲು ಹೊರಟಿದ್ದಾನೆ ಎಂದು ಮನಸ್ಸಿನಲ್ಲೇ ಮೆಚ್ಚಿಕೊಂಡು ಗುಮಾಸ್ತ ಗುರುತು ಹಾಕಿದ. ಫ್ರೇಮಣ್ಣ ತೋರಿಸಿದ ಜಾಗದಲ್ಲಿ ಸಹಿ ಗೀಚಿದ. ಹದಿನೈದು ದಿನದೊಳಗೆ ಮನೆಗೇ ಕಾಗದ ಬರುತ್ತದೆ ಎಂದು ಹೇಳಿ, ಗುಮಾಸ್ತ ಅವನ ಕೈಹಿಡಿದು ಮೆಟ್ಟಿಲು ಇಳಿಸಿದ. ಸರ್ಕಾರಿ ಕಚೇರಿಯಲ್ಲಿ ಇಷ್ಟು ಮರ್ಯಾದೆ ಸಿಕ್ಕಿದ್ದು ಫ್ರೇಮಣ್ಣನಿಗೆ ಇದೇ ಮೊದಲು. ಆದರ್ಶ ಪುತ್ರರಿಗೆ ಹೀಗೇ ಇರಬೇಕು ಎಂದುಕೊಂಡ.

ಮರುದಿನದಿಂದ ಬೀದಿಯಲ್ಲಿ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಸಂಘದ ಕಾಗದವಲ್ಲ, ಸರ್ಕಾರದ್ದೇ ಮೊಹರು ಇರುವ ಕಾಗದ ಬರುತ್ತದೆ ಎಂದು ಔಷಧಿಯವನಿಗೆ ಕೇಳುವಂತೆ ಬಂದ ಗಿರಾಕಿಗಳಿಗೆಲ್ಲ ಹೇಳಿದ. ಖಾಲಿ ಚೌಕಟ್ಟಿನ ಗಾಜನ್ನು ದಿನಕ್ಕೆ ಮೂರು ಸಲ ಒರೆಸಿದ. ಅಪ್ಪ ಡಬ್ಬಿ ತಂದಾಗ, ನಿಮಗೊಂದು ಆಶ್ಚರ್ಯ ಕಾದಿದೆ ಎಂದ. ಅಪ್ಪ ತಮ್ಮ ಕಾಗದಕ್ಕೆ ಕಟ್ಟು ಬಿತ್ತೇ ಎಂದು ಆಸೆಯಿಂದ ಕೇಳಿದರು. ಅದು ನಾಳೆ ಎಂದ.

ಹನ್ನೆರಡನೇ ದಿನ ಅಂಚೆಯವನು, ಮನೆಗೆ ಬೀಗ ಕಂಡು, ಅಂಗಡಿಗೇ ಬಂದ. ಲಕೋಟೆಯ ಮೇಲೆ ಅಪ್ಪನ ಹೆಸರಿತ್ತು. ಸಾಕಿಸಿಕೊಂಡವರ ಕೈಯಿಂದಲೇ ಕೊಡಿಸುವ ಏರ್ಪಾಡು ಇರಬೇಕು ಎಂದು ಫ್ರೇಮಣ್ಣ ತರ್ಕಿಸಿದ. ಡಬ್ಬಿ ಕೊಡಲು ಬಂದಿದ್ದ ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿದ. ಅಕ್ಕಪಕ್ಕದ ಅಂಗಡಿಯವರನ್ನೆಲ್ಲ ಕರೆದ, ನಾಯಿಯ ಯಜಮಾನರನ್ನೂ ಬಿಡಲಿಲ್ಲ. ಎಲ್ಲರೂ ಸೇರಿದ ಮೇಲೆ, ಹೊಟ್ಟೆ ಉರಿಯಲಿ ಎಂಬ ಒಂದೇ ಉದ್ದೇಶದಿಂದ, ಪತ್ರವನ್ನು ಗಟ್ಟಿಯಾಗಿ ಓದಲು ಔಷಧಿಯವನ ಕೈಗೆ ಕೊಟ್ಟ. ಔಷಧಿಯವನು ಮನಸ್ಸಿಲ್ಲದ ಮನಸ್ಸಿನಿಂದ ಶುರುಮಾಡಿದವನು ಎರಡನೇ ಸಾಲಿಗೆ ಬರುವಷ್ಟರಲ್ಲಿ ಉತ್ಸಾಹದಿಂದ ಓದತೊಡಗಿದ.

"‘ತಾವು ತಮ್ಮ ಎಂಬತ್ತೊಂದು ವರ್ಷದ ವೃದ್ಧ ತಂದೆಗೆ ಊಟ, ಬಟ್ಟೆ, ಔಷಧಿ ನೀಡದೆ ಕಡೆಗಣಿಸಿರುವುದಾಗಿ ದೂರು ಬಂದಿರುತ್ತದೆ. ತಮ್ಮನ್ನು ಮನೆಯಿಂದ ಏಕೆ ತೆರವುಗೊಳಿಸಬಾರದು ಎಂಬುದಕ್ಕೆ ಸೋಮವಾರ ಖುದ್ದಾಗಿ ಹಾಜರಾಗಿ ಉತ್ತರಿಸತಕ್ಕದ್ದು.’"

ಚಪ್ಪಾಳೆಗೆಂದು ಎತ್ತಿದ್ದ ಕೈಗಳು ಎತ್ತಿದಂತೆಯೇ ನಿಂತವು. ಕಂಡಕ್ಟರ್ ತಾತನ ತಂದೆ ಇನ್ನೂ ಬದುಕಿದ್ದಾರೆಯೇ, ಇದ್ದರೆ ಅವರಿಗೆ ಎಂಬತ್ತೊಂದಾಗುವುದು ಹೇಗೆ ಎಂದು ನಾಯಿಯ ಯಜಮಾನರು ಬೆರಳು ಮಡಿಸಿದರು. ನಮ್ಮಪ್ಪ ತೀರಿಕೊಂಡು ನಲವತ್ತು ವರ್ಷವಾಯಿತಲ್ಲ, ಈಗ ಯಾರ ಹತ್ತಿರ ದೂರು ಹೇಳಿದರು ಎಂದು ಅಪ್ಪನೂ ಗಾಬರಿಯಾದರು. ಆಗ ಔಷಧಿಯವನು ದೂರು ಕೊಟ್ಟವರ ಹೆಸರು ಓದಿದ. ಫ್ರೇಮಣ್ಣನ ಹೆಸರು, ಇನಿಷಿಯಲ್ ಸಮೇತ. ಜೊತೆಗಿದ್ದ ಅರ್ಜಿಯ ಪ್ರತಿಯಲ್ಲಿ ಅವನದೇ ಸಹಿ.

ಫ್ರೇಮಣ್ಣ ಬೆಪ್ಪುತಕ್ಕಡಿಯಂತೆ ನಿಂತ. ಅಪ್ಪ ಕಾಗದ ತೆಗೆದುಕೊಂಡು, ‘ಮನೆಯಿಂದ’ ಎಂಬಲ್ಲಿ ಬೆರಳಿಟ್ಟು ಎರಡು ಸಲ ಓದಿದರು. ಅವರಿಗೆ ಕೋಪ ಬರಲಿಲ್ಲ. ಬಂದಿದ್ದರೆ ಚೆನ್ನಾಗಿರುತ್ತಿತ್ತು.

"ಇಳಿಯೋ ಸ್ಟಾಪು ಬಂತು ಅಂದ್ರೆ ಇಳೀಬೇಕಪ್ಪಾ," ಎಂದರು. "ಬಾಯಲ್ಲಿ ಹೇಳಿದ್ರೂ ಸಾಕಿತ್ತು." ಡಬ್ಬಿಯನ್ನು ಮೇಜಿನ ಮೇಲಿಟ್ಟು ಮನೆಗೆ ಹೋಗಿ, ಅಟ್ಟದಿಂದ ಟ್ರಂಕು ಇಳಿಸಿ ಬಟ್ಟೆ ಜೋಡಿಸತೊಡಗಿದರು.

ಸುದ್ದಿ ಬೀದಿಯ ತುದಿ ಮುಟ್ಟಲು ಅರ್ಧ ಗಂಟೆ ಹಿಡಿಯಿತು, ಪಕ್ಕದ ಊರಿನಲ್ಲಿದ್ದ ಅಕ್ಕನ ಕಿವಿ ಮುಟ್ಟಲು ಒಂದು ಗಂಟೆ. ಸಂಜೆಯೊಳಗೆ ಅವಳು ಬಂದಿಳಿದಳು. ಹೆತ್ತ ಅಪ್ಪನನ್ನೇ ಕೋರ್ಟಿಗೆ ಎಳೆದೆಯಾ ಎಂದು ಬಾಗಿಲಲ್ಲೇ ಶುರುಮಾಡಿದವಳು ಊಟದ ಹೊತ್ತಿಗೂ ಮುಗಿಸಲಿಲ್ಲ. ಫ್ರೇಮಣ್ಣ ಪೋಷಕ ಎಂಬ ಪದವನ್ನು ಬಿಡಿಸಿ ಬಿಡಿಸಿ ಹೇಳಿದ. ಎದುರುದಾರ ಎಂದರೆ ಎದುರು ಕೂರುವವರು ಎಂದುಕೊಂಡೆ ಎಂದ. ಹೆಂಡತಿ ತಣ್ಣಗೆ, ಪಕ್ಕದಲ್ಲಿ ಕೂತಿದ್ದಕ್ಕೆ ನಾನು ಬಚಾವಾದೆ ಎಂದಳು. ಚಹಾದಂಗಡಿಯವನು ಅವನಿಗೆ ಚಹಾ ಕೊಡುವುದನ್ನು ನಿಲ್ಲಿಸಿದ. ಕಟ್ಟಿಗೆ ಕೊಟ್ಟಿದ್ದ ಪಟಗಳನ್ನು ಜನ ಅರ್ಧಕ್ಕೇ ವಾಪಸು ಒಯ್ದರು. ಎದುರುಮನೆಯ ನಾಯಿ ಈಗ ತಾನೇ ಮುಖ ತಿರುಗಿಸಿಕೊಂಡು ಹೋಯಿತು.

ಅಪ್ಪ ಮಾತ್ರ ಮಾರನೇ ದಿನವೂ ಹನ್ನೆರಡೂವರೆಗೆ ಡಬ್ಬಿ ತಂದರು. ಆದರೆ ಕಾಗದದ ವಿಷಯ ಕೇಳಲಿಲ್ಲ. ಇಪ್ಪತ್ತಮೂರು ವರ್ಷದಲ್ಲಿ ಕೇಳದೇ ಹೋದದ್ದು ಅದೇ ಮೊದಲು. ನಾಳೆ ಎಂದು ಹೇಳಲು ಬಾಯಿ ತೆರೆದಿದ್ದ ಫ್ರೇಮಣ್ಣನಿಗೆ ಆ ಪದವನ್ನು ಏನು ಮಾಡಬೇಕೋ ತಿಳಿಯಲಿಲ್ಲ. ಊಟ ಸೇರಲಿಲ್ಲ. ಅಂಗಡಿ ಮುಚ್ಚಿ, ತಲೆಯ ಮೇಲಿನ ಸುಣ್ಣದ ಪುಡಿಯನ್ನೂ ಒದರದೆ, ಅರ್ಜಿ ವಾಪಸು ಪಡೆಯಲು ಕಚೇರಿಗೆ ಓಡಿದ.

ಗುಮಾಸ್ತ ಅವನ ಬೆಳ್ಳನೆಯ ತಲೆಯನ್ನು ದೂರದಿಂದಲೇ ಗುರುತಿಸಿ, ಕಿಟಕಿಯಿಂದ ಎದ್ದು ಬಂದು ಭುಜ ಹಿಡಿದ.

"ಹೆದರಿಸಿದ್ನಾ? ವಾಪಸ್ ತಗೋ ಅಂತ ಹೊಡೆದ್ನಾ?"

ಯಾರೂ ಹೊಡೆದಿಲ್ಲ, ಅವರು ಬಹಳ ಒಳ್ಳೆಯವರು, ತಪ್ಪೆಲ್ಲ ನನ್ನದೇ ಎಂದು ಫ್ರೇಮಣ್ಣ ಗೋಗರೆದ. ಏಟು ತಿಂದ ಹಿರಿಯರೆಲ್ಲ ಹೀಗೇ ಹೇಳುತ್ತಾರೆ ಎಂದು ಗುಮಾಸ್ತ ಕಣ್ಣೊರೆಸಿಕೊಂಡ. ಅರ್ಜಿಯ ಅಂಚಿನಲ್ಲಿ ಕೆಂಪು ಶಾಯಿಯಿಂದ ‘ತುರ್ತು, ಜೀವಭಯ’ ಎಂದು ಬರೆದ.

ಸೋಮವಾರ ಅಧಿಕಾರಿ ಮೇಡಂ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೀದಿಗೆ ಬೀದಿಯೇ ಬಂದಿತ್ತು. ಫ್ರೇಮಣ್ಣ ಚೆನ್ನಾಗಿ ತಲೆಗೆ ಸ್ನಾನ ಮಾಡಿ, ಕರ್ರಗೆ ತಲೆ ಬಾಚಿ, ಕನ್ನಡಕ ಹಾಕಿಕೊಂಡು ನಿಂತಿದ್ದ. ಪಕ್ಕದಲ್ಲಿ ಅಪ್ಪ ಬಟ್ಟೆಯ ಚೀಲವೊಂದನ್ನು ಎದೆಗವಚಿಕೊಂಡಿದ್ದರು. ಎಂಬತ್ತೊಂದು ವರ್ಷದ ಅರ್ಜಿದಾರರು ಎಲ್ಲಿ ಎಂದು ಮೇಡಂ ಕೇಳಿದರು. ಗುಮಾಸ್ತ ಹೆಮ್ಮೆಯಿಂದ ಕೈ ತೋರಿಸಿದ, ಆಮೇಲೆ ತನ್ನ ಕೈ ತೋರಿಸಿದ ಕಡೆ ನೋಡಿದ.

"ಮೇಡಂ, ಅವತ್ತು ಬೆಳ್ಳಗಿದ್ರು," ಎಂದ.

ಮೇಡಂ ಅರ್ಜಿ ನೋಡಿದರು, ಇಬ್ಬರ ಮುಖ ನೋಡಿದರು, ಮತ್ತೆ ಅರ್ಜಿ ನೋಡಿದರು. ಇಪ್ಪತ್ತು ವರ್ಷದಿಂದ ಜನರ ಕಾಗದ ಓದಿದವರಿಗೆ ಏನಾಗಿರಬಹುದೆಂದು ಹೊಳೆಯದೇ ಇರಲಿಲ್ಲ. ಆದರೂ ಕ್ರಮ ಕ್ರಮವೇ ಎಂದು ಅಪ್ಪನ ಕಡೆ ತಿರುಗಿ, ಈ ವ್ಯಕ್ತಿಗೆ ಊಟ, ಬಟ್ಟೆ, ಔಷಧಿ ಕೊಡುತ್ತಿಲ್ಲ ಎಂದು ನಿಮ್ಮ ಮೇಲೆ ದೂರು ಇದೆ, ಏನು ಹೇಳುತ್ತೀರಿ ಎಂದು ಕೇಳಿದರು.

ಅಪ್ಪ ಚೀಲದಿಂದ ಒಂದೊಂದೇ ಸಾಮಾನು ತೆಗೆದು ಮೇಡಂ ಮೇಜಿನ ಮೇಲಿಟ್ಟರು. ಮೊದಲು ಊಟದ ಡಬ್ಬಿ, ಇನ್ನೂ ಬಿಸಿಯಾಗಿತ್ತು. ಆಮೇಲೆ ಮಗನ ಸಕ್ಕರೆ ಕಾಯಿಲೆಯ ಮಾತ್ರೆಯ ಪಟ್ಟಿ. ಆಮೇಲೆ ಮಡಿಸಿದ ಒಂದು ಅಂಗಿ.

"ಇಲ್ಲಿ ಹೊತ್ತಾಗುತ್ತೇನೋ ಅಂತ ತಂದೆ," ಎಂದರು. "ಅಂಗಿ ಯಾಕಂದ್ರೆ, ಗಾಬರಿಯಾದ್ರೆ ಅವನು ತುಂಬಾ ಬೆವರ್ತಾನೆ. ಇನ್ನು ಮನೆ ವಿಷಯ. ಟ್ರಂಕ್ ಕಟ್ಟಿಟ್ಟಿದ್ದೀನಿ ಮೇಡಂ. ಇವತ್ತು ಆರು ಗಂಟೆ ಬಸ್ಸಿಗೆ ಮಗಳ ಮನೆಗೆ ಹೋಗ್ತೀನಿ."

ಫ್ರೇಮಣ್ಣ ನಿಜವಾಗಿಯೂ ಬೆವರುತ್ತಿದ್ದ. ತನಗೆ ಒಂದು ಸರ್ಟಿಫಿಕೇಟು ಬೇಕಿತ್ತು, ಅಪ್ಪನನ್ನು ಚೆನ್ನಾಗಿ ನೋಡಿಕೊಳ್ಳುತ್ತೇನೆ ಎಂಬುದಕ್ಕೆ, ಅಷ್ಟೇ ಎಂದು ತೊದಲಿದ.

"ಏನೇನು ನೋಡ್ಕೋತೀರಿ?" ಎಂದರು ಮೇಡಂ.

ಫ್ರೇಮಣ್ಣ ಸಹಾಯಕ್ಕೆಂದು ಹೆಂಡತಿಯ ಕಡೆ ನೋಡಿದ. ಅವಳು ಫ್ಯಾನು ನೋಡುತ್ತಿದ್ದಳು. ಕೊನೆಗೆ, ಒಂದೇ ಮನೆಯಲ್ಲಿ ಇದ್ದೇವೆ ಎಂದ. ಮನೆ ಯಾರದು ಎಂದು ಮೇಡಂ ಕೇಳಿದರು. ಅಪ್ಪನದು ಎಂದ. ಅಡುಗೆ ಯಾರದು ಎಂದರು. ಅದೂ ಅಪ್ಪನದು ಎಂದ. ಹಿಂದಿನಿಂದ ಔಷಧಿಯವನು ಕಿಸಕ್ಕೆಂದ. ನಿಮ್ಮ ತಾಯಿ ಎಲ್ಲಿದ್ದಾರೆ ಎಂದು ಅಕ್ಕ ಗಟ್ಟಿಯಾಗಿ ಕೇಳಿದ ಮೇಲೆ ಅವನ ಸದ್ದು ಕೇಳಲಿಲ್ಲ.

ಮೇಡಂ ಅರ್ಜಿಯನ್ನು ತಿರುಗಿಸಿಟ್ಟು, ಈಗ ನ್ಯಾಯವಾಗಿ ದೂರು ಕೊಡಬೇಕಾದವರು ನೀವು, ಮಗನಿಂದ ನಿಮಗೆ ಏನು ಬೇಕು ಹೇಳಿ, ಬರೆದುಕೊಳ್ಳುತ್ತೇನೆ ಎಂದು ಅಪ್ಪನಿಗೆ ಹೇಳಿದರು. ಗುಮಾಸ್ತ ಪಶ್ಚಾತ್ತಾಪದಿಂದ ಪೆನ್ನು ಹಿಡಿದು ಸಿದ್ಧನಾದ.

"ನಂದೊಂದು ಕಾಗದ ಇದೆ," ಎಂದರು ಅಪ್ಪ. "ಅದಕ್ಕೊಂದು ಕಟ್ಟು."

ಮೇಡಂ ಆದೇಶ ಬರೆಸಿದರು. ಇಂದು ಸಂಜೆಯೊಳಗೆ ಕಟ್ಟು ಹಾಕತಕ್ಕದ್ದು, ನಾಳೆ ಎಂಬ ಪದವನ್ನು ಬಳಸತಕ್ಕದ್ದಲ್ಲ.

ಆದರೆ ಕಾಗದ ಎಲ್ಲಿ? ಫ್ರೇಮಣ್ಣ ಅಂಗಡಿಯನ್ನು ತಲೆಕೆಳಗು ಮಾಡಿದ. ಇಪ್ಪತ್ತಮೂರು ವರ್ಷದ ರಟ್ಟು, ಹಾಳೆ, ಯಾರೂ ಒಯ್ಯದ ಪಟಗಳು ರಾಶಿರಾಶಿಯಾಗಿ ಬೀದಿಗೆ ಬಂದವು. ಚಹಾದಂಗಡಿಯವನು ಒಂದು ರಾಶಿ ಹುಡುಕಿದ, ಔಷಧಿಯವನು ಇನ್ನೊಂದು ರಾಶಿ, ಹೆಂಡತಿ ಮೇಜಿನ ಕೆಳಗೆ ನುಗ್ಗಿದಳು. ಯಾರ ಯಾರದೋ ಮದುವೆ, ಯಾರ ಯಾರದೋ ಬಹುಮಾನ ಸಿಕ್ಕವು. ಅಪ್ಪನ ಕಾಗದ ಮಾತ್ರ ಸಿಗಲಿಲ್ಲ. ಐದೂವರೆಯಾಯಿತು. ಅಕ್ಕ ಟ್ರಂಕು ಹಿಡಿದು ಅಂಗಡಿಯ ಮುಂದೆ ನಿಂತಳು. ಹೋದರೆ ಹೋಗಲಿ ಬಿಡು, ಹಳೇ ಕಾಗದ ಎಂದು ಅಪ್ಪನೇ ಸಮಾಧಾನ ಹೇಳಿದರು. ಆ ಸಮಾಧಾನವನ್ನು ಫ್ರೇಮಣ್ಣನಿಂದ ತಡೆಯಲಾಗಲಿಲ್ಲ.

ಕೊಡಲು ಬೇರೇನೂ ತೋಚದೆ ಅವನು ಗೋಡೆಯ ಮೇಲಿನ ಖಾಲಿ ಚೌಕಟ್ಟನ್ನು ಇಳಿಸಿದ. ಇದನ್ನಾದರೂ ತೆಗೆದುಕೊಂಡು ಹೋಗಿ, ಅಕ್ಕನ ಮನೆಯಲ್ಲಿ ಏನಾದರೂ ಹಾಕಿಕೊಳ್ಳಿ ಎಂದು ಹೇಳಬೇಕೆಂದಿದ್ದ. ಒಳಗಿನ ಬಿಳಿ ಹಾಳೆಯನ್ನು ತೆಗೆದುಬಿಡೋಣ ಎಂದು ಹಿಂದಿನ ಮೊಳೆ ಕಿತ್ತು ರಟ್ಟು ಎತ್ತಿದ. ಹಾಳೆ ಜಾರಿ ನೆಲಕ್ಕೆ, ಮಗ್ಗುಲು ಬದಲಿಸಿ ಬಿತ್ತು. ಅದರ ಇನ್ನೊಂದು ಮುಖದಲ್ಲಿ ಅಚ್ಚಾಗಿತ್ತು:

‘ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಒಬ್ಬ ಪ್ರಯಾಣಿಕನನ್ನೂ ತಪ್ಪು ನಿಲ್ದಾಣದಲ್ಲಿ ಇಳಿಸದ ನಿರ್ವಾಹಕರಿಗೆ.’

ಇಪ್ಪತ್ತಮೂರು ವರ್ಷದ ಹಿಂದೆ ಆ ಚೌಕಟ್ಟು ಮಾಡಿದಾಗ ಗಾಜಿನ ಹಿಂದೆ ಇಡಲು ದಪ್ಪನೆಯ ಬಿಳಿ ಹಾಳೆಯೊಂದು ಬೇಕಿತ್ತು. ಕೈಗೆ ಸಿಕ್ಕಿದ್ದನ್ನು ಬೆನ್ನು ಮುಂದಾಗಿ ತೂರಿಸಿದ್ದ. ಅಪ್ಪ ಇಪ್ಪತ್ತಮೂರು ವರ್ಷ ಪ್ರತಿ ಮಧ್ಯಾಹ್ನ ತಮ್ಮ ಕಾಗದದ ಎದುರೇ ನಿಂತು ಅದಕ್ಕೆ ಕಟ್ಟು ಯಾವಾಗ ಎಂದು ಕೇಳಿದ್ದರು. ಅವನು ಅದರ ಗಾಜನ್ನು ಒರೆಸುತ್ತಾ ನಾಳೆ ಎಂದಿದ್ದ.

ಫ್ರೇಮಣ್ಣ ಯಾರ ಮುಖವನ್ನೂ ನೋಡಲಿಲ್ಲ. ಹಾಳೆಯನ್ನು ತಿರುಗಿಸಿಟ್ಟ, ರಟ್ಟು ಮುಚ್ಚಿದ, ಮೊಳೆ ಬಡಿದ. ಒಂದು ಮೊಳೆಗೆ ಎರಡು ಸಲ ಬೆರಳಿಗೆ ಬಡಿದುಕೊಂಡ. ಸ್ಟೂಲು ಹತ್ತಿ ಚೌಕಟ್ಟನ್ನು ಗೋಡೆಗೆ ತೂಗುಹಾಕಿ, ಎರಡೂ ಕೈಯಲ್ಲಿ ಹಿಡಿದುಕೊಂಡೇ ತಿರುಗಿದ.

"ಅಪ್ಪಾ, ಇದು ನಿಮ್ಮ ಸ್ಟಾಪಲ್ಲ," ಎಂದ. ಮುಂದೆ ಇನ್ನೂ ಏನೋ ಹೇಳಬೇಕೆಂದಿದ್ದ, ಅಳು ಬಂದುಬಿಟ್ಟಿತು.

ಅಪ್ಪ ಹೊಸ್ತಿಲಲ್ಲೇ ನಿಂತು ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಓರೆಯಾಗಿದೆ, ಎಡಗಡೆ ಸ್ವಲ್ಪ ಎತ್ತು ಎಂದರು. ಫ್ರೇಮಣ್ಣ ಎತ್ತಿದ. ಬೀದಿಯ ತಿರುವಿನಲ್ಲಿ ಆರು ಗಂಟೆಯ ಬಸ್ಸು ಹಾರ್ನ್ ಹೊಡೆಯಿತು. ಅಕ್ಕ ಟ್ರಂಕನ್ನು ಎತ್ತಿಕೊಂಡಳು. ಅಪ್ಪ ಜೇಬಿಗೆ ಕೈಹಾಕಿ ಸೀಟಿ ತೆಗೆದರು. ಒಂದೋ ಎರಡೋ ಎಂದು ಇಡೀ ಬೀದಿ ಉಸಿರು ಬಿಗಿಹಿಡಿದು ಕಾಯಿತು.

ಒಂದೇ ಊದಿದರು. ಅಕ್ಕ ಟ್ರಂಕನ್ನು ಕೆಳಗಿಟ್ಟಳು.